ಮೈಸೂರಿನ ಮೂವರು ರಾಣಿಯರು: ಒಂದು ತೈಲಚಿತ್ರದ ಚರಿತ್ರೆ ಮತ್ತು ಜನಪದ ನಂಬಿಕೆ

ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ರೊಕೊಕೊ ಶೈಲಿಯು ರೇಷ್ಮೆಯ ಹೊಳಪು, ಆಭರಣದ ಮಿನುಗು, ಸ್ತ್ರೀ ಭಂಗಿಯ ಲಾಲಿತ್ಯಗಳನ್ನು ತೈಲವರ್ಣದ ಮುಖ್ಯ ವಸ್ತುವಾಗಿಸಿತು. ಆ ಅಭಿರುಚಿಯ ಕಾಲದಲ್ಲಿಯೇ ಕಲಿತು ಬೆಳೆದ ಐರಿಶ್ ಚಿತ್ರಕಾರ ಥಾಮಸ್ ಹಿಕಿ (1741-1824) ಸುಮಾರು 1805ರಲ್ಲಿ ಮೈಸೂರಿನ ಮೂವರು ಸ್ತ್ರೀಯರ ಚಿತ್ರವೊಂದನ್ನು ರಚಿಸಿದನು. ಕರ್ನಾಟಕಕ್ಕೆ ಸಂಬಂಧಿಸಿದ ತೈಲಚಿತ್ರಗಳಲ್ಲಿ ಇದರಷ್ಟು ವಿಚಿತ್ರವಾದ ಚರಿತ್ರೆಯುಳ್ಳ ಚಿತ್ರಗಳು ವಿರಳ.

ದೀರ್ಘಕಾಲ ಈ ಚಿತ್ರದಲ್ಲಿರುವವರನ್ನು ನರ್ತಕಿಯರೆಂದು ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರು 2001ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಈ ಅಭಿಪ್ರಾಯವನ್ನು ಪ್ರಶ್ನಿಸಿ, ಇವರು ಒಡೆಯರ ಮನೆತನದ ಸ್ತ್ರೀಯರೆಂದು ವಾದಿಸಿದರು. 2007ರಲ್ಲಿ ಸೋದಬೀಸ್ ಸಂಸ್ಥೆಯು ಚಿತ್ರವನ್ನು ಹರಾಜಿಗೆ ತಂದಿತು. ಚಾನ್ಸೆಲರ್ ಅವರ ವಿವರಣೆಯಂತೆ ಬಲಬದಿಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಎಡಬದಿಯವಳು ಅದೇ ಹೆಸರಿನ ಹಿರಿಯ ರಾಣಿ. ನಡುವಿನವರು ಅರಸನ ಅಜ್ಜಿ ಲಕ್ಷ್ಮಮ್ಮಣ್ಣಿ.

ಈ ವಾದದ ಕೇಂದ್ರವಿರುವುದು ಒಂದು ಕೈಸನ್ನೆಯಲ್ಲಿ. ಕಿರಿಯ ರಾಣಿ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಾಳೆ. ಲಸಿಕೆ ಹಾಕಿಸಿಕೊಂಡ ಸ್ಥಳವನ್ನು ಅವಳು ತೋರಿಸುತ್ತಿದ್ದಾಳೆ ಎಂಬುದು ಚಾನ್ಸೆಲರ್ ಅವರ ಓದು. ಹಿರಿಯ ರಾಣಿಯ ಮೂಗು-ಬಾಯಿಗಳ ಸುತ್ತ ಚರ್ಮ ಬಿಳಿಚಿದೆ. ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿನೊಳಗೆ ಊದುತ್ತಿದ್ದ ಹಳೆಯ ಪದ್ಧತಿಯ ಗುರುತು ಅದಾಗಿರಬಹುದು. ಹೀಗಾಗಿ ಹಳತು ಮತ್ತು ಹೊಸತು ಎಂಬ ಎರಡು ರಕ್ಷಣಾ ಕ್ರಮಗಳು ಒಂದೇ ಚೌಕಟ್ಟಿನಲ್ಲಿ ಎದುರುಬದುರಾಗಿವೆ. ಜೆನ್ನರನ ಗೋಸಿಡುಬಿನ ಲಸಿಕೆ ಭಾರತದಲ್ಲಿ ಮೊದಲು ಫಲಿಸಿದ್ದು 1802ರ ಜೂನ್ 14ರಂದು, ಮುಂಬಯಿಯ ಮೂರು ವರ್ಷದ ಮಗುವಿಗೆ. ಅಂದು ಅದನ್ನು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತಿದ್ದರು. ಜಾತಿ-ಮಡಿಗಳ ಸಮಾಜದಲ್ಲಿ ಇದು ಸಣ್ಣ ಸಂಗತಿಯಲ್ಲ. 1799ರಲ್ಲಿ ಕಂಪನಿಯ ನೆರವಿನಿಂದ ಸಿಂಹಾಸನ ಮರಳಿ ಪಡೆದ ಅರಮನೆಯು ಕಂಪನಿಯ ಲಸಿಕೆಗೆ ಬೆಂಬಲವಾಗಿ ನಿಂತದ್ದರಲ್ಲಿ ರಾಜಕೀಯವೂ ಇತ್ತು.

ಜಾನಪದದ ನೆಲೆಯಿಂದ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದೇ ಒಂದು ತೈಲಚಿತ್ರವನ್ನು ಹಳ್ಳಿಯ ತಾಯಂದಿರು ನೋಡಿರಲಾರರು. ಆದರೂ ರಾಣಿಯ ನಿದರ್ಶನದಿಂದ ಹಲವರು ಲಸಿಕೆಗೆ ಮುಂದಾದರೆಂದು 1806ರ ದಾಖಲೆ ಹೇಳುತ್ತದೆ. ಹಾಗಾದರೆ ಕೆಲಸ ಮಾಡಿದ್ದು ಬಣ್ಣವಲ್ಲ, ಬಾಯಿಮಾತು. ‘ರಾಣಿಯೇ ಹಾಕಿಸಿಕೊಂಡಳಂತೆ’ ಎಂಬ ಸುದ್ದಿಗಿದ್ದ ಶಕ್ತಿ ಚಿತ್ರಕ್ಕಿರಲಿಲ್ಲವೆಂದು ಊಹಿಸುವುದು ಸಮಂಜಸ.

ಆ ಸುದ್ದಿ ಎದುರುಗೊಂಡದ್ದು ಬರಿದಾದ ಮನಸ್ಸನ್ನಲ್ಲ. ಹಾನಗಲ್ಲ ಸೀಮೆಯ ತಿಳವಳ್ಳಿ ಅಂದು ಮೈಸೂರಿಗೆ ಸೇರಿರಲಿಲ್ಲ, ಪೇಶ್ವೆಯರ ಆಳ್ವಿಕೆಯ ಭಾಗವಾಗಿತ್ತು. ಆದರೆ ಸಿಡುಬಿನ ಕುರಿತ ನಂಬಿಕೆಗೆ ಸಂಸ್ಥಾನಗಳ ಗಡಿ ಇರಲಿಲ್ಲ. ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಬಂದಾಳ’ ಎನ್ನುವುದು, ಬೇವಿನ ಸೊಪ್ಪು ಕಟ್ಟುವುದು, ಒಗ್ಗರಣೆ ನಿಲ್ಲಿಸುವುದು, ತಂಪಿನ ಎಡೆ ಇಡುವುದು, ಕೊನೆಗೆ ದೇವಿಯನ್ನು ಊರ ಗಡಿ ದಾಟಿಸುವುದು, ಇವೆಲ್ಲ ರೋಗಿಯನ್ನು ಪ್ರತ್ಯೇಕವಾಗಿಟ್ಟು ಆರೈಕೆ ಮಾಡುವ ಒಂದು ಕ್ರಮವೂ ಆಗಿದ್ದವು. ಇದನ್ನು ಕೇವಲ ಅಜ್ಞಾನವೆಂದು ಬದಿಗೆ ಸರಿಸಿದ ವಸಾಹತು ಬರಹಗಳು ಜನರು ಲಸಿಕೆಗೆ ಹಿಂಜರಿದುದರ ಕಾರಣವನ್ನು ಅರಿಯದೆ ಹೋದವು. ರೋಗವೇ ದೇವಿಯಾಗಿದ್ದಲ್ಲಿ ಅದನ್ನು ತಡೆಯುವುದು ಅವಳ ಬರವನ್ನು ತಡೆದಂತೆ. ಅಂತಹ ಭಯವನ್ನು ಕರಗಿಸಲು ಮಾನ್ಯಳಾದ ಇನ್ನೊಬ್ಬ ಸ್ತ್ರೀಯ ದೇಹವೇ ಸಾಕ್ಷಿಯಾಗಬೇಕಾಯಿತು.

ಚಾನ್ಸೆಲರ್ ಅವರ ಗುರುತಿಸುವಿಕೆಯು ಉಡುಗೆ, ಆಭರಣ, ಕಾಲ, ದಾಖಲೆಗಳ ಹೊಂದಾಣಿಕೆಯ ಮೇಲೆ ನಿಂತದ್ದು. ಅದನ್ನು ಅಂತಿಮವೆನ್ನುವ ಅಗತ್ಯವಿಲ್ಲ. ಆದರೆ ಅದು ಕಲಿಸುವ ಪಾಠ ಸ್ಪಷ್ಟ. ಹೆಸರು ಕಳೆದುಹೋದ ಸ್ತ್ರೀಯರಿಗೆ ‘ನರ್ತಕಿಯರು’ ಎಂಬ ಹೆಸರು ಸುಲಭವಾಗಿ ಅಂಟಿತು. ಹೆಸರು ಮರಳಿದೊಡನೆ ಶೃಂಗಾರದ ಭಂಗಿಯೆಂದು ತೋರಿದ್ದು ಸಾರ್ವಜನಿಕ ಆರೋಗ್ಯದ ಸಾಕ್ಷ್ಯವಾಯಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ನಿರ್ಮೂಲವಾಯಿತೆಂದು ಘೋಷಿಸಿತು. ಆ ದೀರ್ಘ ಚರಿತ್ರೆಯಲ್ಲಿ ಹನ್ನೆರಡರ ಹರೆಯದ ರಾಣಿಯ ತೋಳಿಗೂ, ಆ ಸುದ್ದಿಯನ್ನು ಊರಿಂದೂರಿಗೆ ಒಯ್ದ ಹೆಸರಿಲ್ಲದ ನಾಲಿಗೆಗಳಿಗೂ ಸಮಾನ ಸ್ಥಾನ ಸಲ್ಲಬೇಕು.