ಕೆಲಸ ಹುಡುಕಿ ಹೊರಟ ಸೌರಫಲಕ

ಹಲವು ಶಾಲೆಗಳ ಪ್ರಯೋಗಾಲಯದ ಕಪಾಟಿನಲ್ಲಿ ಪುಸ್ತಕದಷ್ಟು ಅಗಲದ ಸೌರಫಲಕವೊಂದು ಇರುತ್ತದೆ. ಅದನ್ನು ಬಿಸಿಲಿಗೆ ಹಿಡಿದು ಪುಟ್ಟ ಮೋಟಾರೊಂದನ್ನು ತಿರುಗಿಸಿ ತೋರಿಸಿದ ಮೇಲೆ ಮತ್ತೆ ಕಪಾಟಿಗೇ ಸೇರಿಸುತ್ತೇವೆ. "ಇಷ್ಟು ಚಿಕ್ಕದರಿಂದ ಏನು ಪ್ರಯೋಜನ ಸಾರ್?" ಎಂದು ವಿದ್ಯಾರ್ಥಿ ಕೇಳಿದರೆ ನೀವು ಏನು ಹೇಳುತ್ತೀರಿ? ಸೌರಕೋಶವನ್ನು ರೂಪಿಸಿದವರೂ ಇದೇ ಪ್ರಶ್ನೆಯನ್ನು ಎದುರಿಸಿದ್ದರು. ಭೂಮಿಯ ಮೇಲೆ ಅದಕ್ಕೊಂದು ಸರಿಯಾದ ಉತ್ತರ ಸಿಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ತೇವಕ್ಕೆ ಕೆಡುವ ಬ್ಯಾಟರಿ

ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲೇ ಗಮನಿಸಿದ್ದ. 1883ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಮ್ ಧಾತುವಿನಿಂದ ಕೋಶಗಳನ್ನು ತಯಾರಿಸಿದ. ಆದರೆ ಅವುಗಳ ದಕ್ಷತೆ ಶೇಕಡಾ ಒಂದನ್ನೂ ಮುಟ್ಟಲಿಲ್ಲ.

1950ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡ್ಯಾರಿಲ್ ಚಾಪಿನ್ ಎಂಬ ಎಂಜಿನಿಯರನಿಗೆ ಒಂದು ವ್ಯಾವಹಾರಿಕ ಸಮಸ್ಯೆ ಒಪ್ಪಿಸಲಾಗಿತ್ತು. ಉಷ್ಣವಲಯದ ತೇವಭರಿತ ಹವೆಯಲ್ಲಿ ದೂರವಾಣಿ ಉಪಕರಣಗಳ ಒಣಬ್ಯಾಟರಿಗಳು ಬೇಗ ಕೆಡುತ್ತಿದ್ದವು. ಅವಕ್ಕೆ ಬದಲಿ ಏನು? ಚಾಪಿನ್ ಸೆಲೆನಿಯಮ್ ಕೋಶಗಳನ್ನು ಪರೀಕ್ಷಿಸಿ ನೋಡಿದ. ಒಂದು ಚದರ ಮೀಟರಿನ ಮೇಲೆ ಸುಮಾರು 1000 ವ್ಯಾಟ್ ಬಿಸಿಲು ಬಿದ್ದರೆ ದೊರೆಯುತ್ತಿದ್ದುದು ಬರೀ 5 ವ್ಯಾಟ್.

ಅದೇ ಪ್ರಯೋಗಾಲಯದ ಕ್ಯಾಲ್ವಿನ್ ಫುಲ್ಲರ್ ಮತ್ತು ಜೆರಾಲ್ಡ್ ಪಿಯರ್ಸನ್ ಆಗ ಸಿಲಿಕಾನ್ ಅರೆವಾಹಕಗಳ ಮೇಲೆ ಕೆಲಸ ಮಾಡುತ್ತಿದ್ದರು. ಮೂವರೂ ಸೇರಿದರು. ಆರ್ಸೆನಿಕ್ ಬೆರೆತ ಸಿಲಿಕಾನ್ ಬಿಲ್ಲೆಯ ಮೇಲ್ಮೈಗೆ ಬೋರಾನ್ ಪರಮಾಣುಗಳನ್ನು ತೆಳುವಾಗಿ ಇಳಿಸಿದಾಗ, ಬೆಳಕು ಮುಟ್ಟುವಷ್ಟು ಹತ್ತಿರದಲ್ಲೇ ಪಿ-ಎನ್ ಸಂಧಿ ಏರ್ಪಟ್ಟಿತು. ದಕ್ಷತೆ ಶೇಕಡಾ 6ಕ್ಕೆ ಏರಿತು. 1954ರ ಏಪ್ರಿಲ್ 25ರಂದು ಅದನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. ಅಂದು ಅದು ತಿರುಗಿಸಿದ್ದು ಒಂದು ಆಟಿಕೆಯ ಜಾತ್ರೆತೊಟ್ಟಿಲನ್ನು!

ಕಂಬದ ಮೇಲಿನ ಪರೀಕ್ಷೆ

1955ರ ಅಕ್ಟೋಬರಿನಲ್ಲಿ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನ ಬಳಿ ಗ್ರಾಮೀಣ ದೂರವಾಣಿಯ ಕಂಬವೊಂದಕ್ಕೆ 432 ಕೋಶಗಳ ಫಲಕವನ್ನು ಏರಿಸಿದರು. ಹಗಲಿನಲ್ಲಿ ಫಲಕವು ಉಪಕರಣಕ್ಕೆ ವಿದ್ಯುತ್ತು ಕೊಟ್ಟು, ಮಿಕ್ಕಿದ್ದನ್ನು ಸಂಚಾಯಕ ಬ್ಯಾಟರಿಗೆ ತುಂಬುತ್ತಿತ್ತು. ರಾತ್ರಿ ಮತ್ತು ಮೋಡದ ದಿನಗಳಲ್ಲಿ ಬ್ಯಾಟರಿ ಆ ಕೆಲಸ ವಹಿಸಿಕೊಳ್ಳುತ್ತಿತ್ತು. ಇಂದು ನಾವು ಬಳಸುವ ಸೌರದೀಪದ ವ್ಯವಸ್ಥೆಯೂ ಮೂಲತಃ ಇದೇ.

ಪರೀಕ್ಷೆ ತಾಂತ್ರಿಕವಾಗಿ ಗೆದ್ದಿತು, ಲೆಕ್ಕದಲ್ಲಿ ಸೋತಿತು. 1956ರಲ್ಲಿ ಒಂದು ವ್ಯಾಟ್ ಸೌರಕೋಶದ ಬೆಲೆ ಸುಮಾರು 300 ಡಾಲರ್. ವಿದ್ಯುತ್ ಸ್ಥಾವರವನ್ನು ಕಟ್ಟಲು ವ್ಯಾಟಿಗೆ ಅರ್ಧ ಡಾಲರ್ ಸಾಕಾಗಿತ್ತು. ಸೌರಕೋಶಕ್ಕೆ ಆಗ ಉಳಿದ ಕೆಲಸವೆಂದರೆ ಆಟಿಕೆಗಳನ್ನೂ ಪುಟ್ಟ ರೇಡಿಯೋಗಳನ್ನೂ ನಡೆಸುವುದು.

ಆಕಾಶದಲ್ಲಿ, ಕಡಲಿನಲ್ಲಿ

1958ರ ಮಾರ್ಚ್ 17ರಂದು ಸುಮಾರು ಒಂದೂವರೆ ಕಿಲೋಗ್ರಾಂ ತೂಕದ ವ್ಯಾನ್‌ಗಾರ್ಡ್-1 ಉಪಗ್ರಹ ಕಕ್ಷೆ ಸೇರಿತು. ಅದರಲ್ಲಿ ಎರಡು ಪ್ರೇಷಕಗಳಿದ್ದವು. ಒಂದಕ್ಕೆ ರಾಸಾಯನಿಕ ಬ್ಯಾಟರಿ, ಇನ್ನೊಂದಕ್ಕೆ ಸೌರಕೋಶ. ಬ್ಯಾಟರಿಯ ಪ್ರೇಷಕ ಅದೇ ಜೂನ್‌ನಲ್ಲಿ ಮೌನವಾಯಿತು. ಸೌರಕೋಶದ್ದು 1964ರವರೆಗೆ ಸಂಕೇತ ಕಳುಹಿಸಿತು. ಇಲ್ಲಿ ವ್ಯಾಟಿಗೆ ಎಷ್ಟು ಡಾಲರ್ ಎಂಬ ಪ್ರಶ್ನೆಯೇ ಅರ್ಥಹೀನ. ಮೇಲೆ ಹೋಗಿ ಬ್ಯಾಟರಿ ಬದಲಿಸುವವರು ಯಾರು?

ಭೂಮಿಯ ಮೇಲೂ ಅಂಥ ದುರ್ಗಮ ಜಾಗಗಳಿವೆ. 1973ರಲ್ಲಿ ಎಲಿಯಟ್ ಬರ್ಮನ್ ಎಂಬ ರಸಾಯನವಿಜ್ಞಾನಿ ಎಕ್ಸಾನ್ ತೈಲ ಕಂಪನಿಯ ಹಣದ ನೆರವಿನಿಂದ ಸೋಲಾರ್ ಪವರ್ ಕಾರ್ಪೊರೇಶನ್ ಸಂಸ್ಥೆಯನ್ನು ಆರಂಭಿಸಿದ. ಅರೆವಾಹಕ ಕಾರ್ಖಾನೆಗಳು ತಿರಸ್ಕರಿಸಿದ ಸಿಲಿಕಾನ್ ಬಿಲ್ಲೆಗಳನ್ನೇ ಬಳಸಿ, ಬೆಲೆಯನ್ನು ವ್ಯಾಟಿಗೆ 100 ಡಾಲರಿನಿಂದ 20 ಡಾಲರಿಗೆ ಇಳಿಸಿದ. ಆಗಲೂ ಅದು ಮನೆಗಳಿಗೆ ದುಬಾರಿಯೇ. ಆದರೆ ಮೆಕ್ಸಿಕೋ ಕೊಲ್ಲಿಯ ತೈಲಕಟ್ಟೆಗಳ ವಿಷಯವೇ ಬೇರೆ. ಹಡಗುಗಳು ಡಿಕ್ಕಿ ಹೊಡೆಯದಂತೆ ಅಲ್ಲಿ ದೀಪ ಮತ್ತು ಎಚ್ಚರಿಕೆಯ ಕಹಳೆ ಇರಲೇಬೇಕು. ಅವನ್ನು ನಡೆಸುತ್ತಿದ್ದುದು ಮತ್ತೆ ಚಾರ್ಜ್ ಮಾಡಲಾಗದ ಭಾರಿ ಬ್ಯಾಟರಿಗಳು. ಅವನ್ನು ಬದಲಿಸಲು ದೋಣಿ ಬೇಕು, ಕ್ರೇನ್ ಬೇಕು, ಜನ ಬೇಕು. ಒಂದು ಸಣ್ಣ ಫಲಕ ಮತ್ತು ಚಾರ್ಜ್ ಮಾಡಬಲ್ಲ ಒಂದು ಬ್ಯಾಟರಿ ಆ ಖರ್ಚನ್ನೆಲ್ಲ ಉಳಿಸಿದವು. ಹೀಗೆ ಸೌರಫಲಕಕ್ಕೆ ಮೊದಲ ಗಟ್ಟಿ ಮಾರುಕಟ್ಟೆಯೊಂದನ್ನು ಒದಗಿಸಿದ್ದು ತೈಲೋದ್ಯಮವೇ ಎಂಬುದು ಸೋಜಿಗವಲ್ಲವೇ?

ಯಾವುದರೊಡನೆ ಹೋಲಿಸಬೇಕು?

ಫಲಕ ಅದೇ, ಬದಲಾದದ್ದು ಹೋಲಿಕೆ. ಒಂದು ಲೆಕ್ಕ ಮಾಡಿ ನೋಡಿ. ಪೆನ್ ಟಾರ್ಚಿನ ಒಂದು ಸಾಮಾನ್ಯ ಸೆಲ್ಲಿನಲ್ಲಿ ಸುಮಾರು ಒಂದು ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಮನೆಯ ಮೀಟರಿನ ಒಂದು ಯೂನಿಟ್ ಎಂದರೆ 1000 ವ್ಯಾಟ್-ಗಂಟೆ. ಅಂದರೆ ಒಂದು ಯೂನಿಟ್ಟಿಗೆ ಸಾವಿರ ಸೆಲ್ಲು! ತಂತಿಯ ವಿದ್ಯುತ್ತಿನೆದುರು ದುಬಾರಿ ಎನಿಸುವ ಫಲಕ ಸೆಲ್ಲಿನೆದುರು ಅಗ್ಗ.

ಭಾರತದಲ್ಲಿ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ 1977ರಲ್ಲಿ ಸೌರಕೋಶವನ್ನೂ 1978ರಲ್ಲಿ ಫಲಕವನ್ನೂ ತಯಾರಿಸಿತು. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಜೊತೆ ಸ್ಥಾಪಿಸಿದರು. ಕರ್ನಾಟಕದ ಹಳ್ಳಿಗಳಲ್ಲಿ ಈ ಸಂಸ್ಥೆ ಹೋಲಿಸಿದ್ದು ಫಲಕದ ಬೆಲೆಯನ್ನು ವಿದ್ಯುತ್ ಬಿಲ್ಲಿನೊಡನೆ ಅಲ್ಲ. ಬ್ಯಾಂಕ್ ಸಾಲದ ಕಂತನ್ನು ಸೀಮೆಎಣ್ಣೆ, ಮೇಣದ ಬತ್ತಿಗಳ ಖರ್ಚಿನೊಡನೆ. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಈಗ ನಿಮ್ಮ ಕಪಾಟಿನ ಫಲಕಕ್ಕೆ ಬರೋಣ. ಅದು 10 ವ್ಯಾಟಿನದು ಎನ್ನಿ. ದಿನಕ್ಕೆ ನಾಲ್ಕು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಬಿದ್ದರೆ 40 ವ್ಯಾಟ್-ಗಂಟೆ. ಚಾರ್ಜ್ ಮಾಡುವಾಗಿನ ನಷ್ಟ ಕಳೆದರೆ ಸುಮಾರು 28 ಉಳಿಯುತ್ತದೆ. ಇಸ್ತ್ರಿಪೆಟ್ಟಿಗೆಗೆ ಇದು ಎರಡು ನಿಮಿಷಕ್ಕೂ ಸಾಲದು. ಆದರೆ 3 ವ್ಯಾಟಿನ ಎಲ್‌ಇಡಿ ದೀಪ ಒಂಬತ್ತು ಗಂಟೆ ಉರಿಯುತ್ತದೆ. ರಾತ್ರಿ ಬ್ಯಾಟರಿಯಿಂದ ಫಲಕಕ್ಕೆ ಪ್ರವಾಹ ಹಿಮ್ಮುಖವಾಗಿ ಹರಿಯದಂತೆ ಡಯೋಡ್ ಇರಲಿ. ಬ್ಯಾಟರಿ ಅತಿಯಾಗಿ ತುಂಬದಂತೆ, ಪೂರ್ತಿ ಬರಿದಾಗದಂತೆ ನಿಯಂತ್ರಕವಿರಲಿ. ಎರಡು-ಮೂರು ಮೋಡದ ದಿನಗಳಿಗೆ ಸಾಲುವಂತೆ ಬ್ಯಾಟರಿಯನ್ನು ಆಯ್ದುಕೊಳ್ಳಿ. ಅದು ಫಲಕಕ್ಕಿಂತ ಬೇಗ ಸವೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮುಂದಿನ ಸಲ ಫಲಕವನ್ನು ಹೊರತೆಗೆದಾಗ ಮೋಟಾರಿನಲ್ಲೇ ಪಾಠ ಮುಗಿಸಬೇಡಿ. ಊರಿನಲ್ಲಿ ಯಾವ ಯಾವ ಕಡೆ ಪದೇ ಪದೇ ಸೆಲ್ ಬದಲಿಸುತ್ತಾರೆ, ತಂತಿ ಎಳೆಯುವುದು ಎಲ್ಲಿ ಕಷ್ಟ ಎಂಬುದನ್ನು ವಿದ್ಯಾರ್ಥಿಗಳೇ ಪಟ್ಟಿ ಮಾಡಲಿ. ಪ್ರತಿಯೊಂದಕ್ಕೂ ದಿನಕ್ಕೆ ಎಷ್ಟು ವ್ಯಾಟ್-ಗಂಟೆ ಬೇಕೆಂದು ಲೆಕ್ಕ ಹಾಕಲಿ. ಕಪಾಟಿನ ಫಲಕಕ್ಕೆ ತಕ್ಕ ಕೆಲಸ ಆ ಪಟ್ಟಿಯಲ್ಲಿಯೇ ಸಿಗುತ್ತದೆ.