ಕಲ್ಲಂಗಡಿ ಹಣ್ಣು ಮತ್ತು ಬೆರಳಿನ ಗೆಣ್ಣು

ಕಲ್ಲಂಗಡಿ ಹಣ್ಣಿಗೂ ಬೆರಳಿನ ಗೆಣ್ಣು ಊದಿಕೊಳ್ಳೋದಕ್ಕೂ ಏನು ಸಂಬಂಧ? ಅಜ್ಜಿಯನ್ನು ಕೇಳಿದರೆ "ತಂಡಿ ಕಣೋ" ಅಂದಾರು. ನಾನು ಹೇಳಹೊರಟಿರೋ ಸಂಬಂಧ ಅದಲ್ಲ. ಇದು ಸುಮಾರು ನಲವತ್ತು ವರ್ಷ ನಡೆದ ಒಂದು ಪತ್ತೇದಾರಿ ಕಥೆ.

ಮೊದಲು ಒಂದು ಮಾತು. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವು ಬೇರೆ, ರುಮಟಾಯ್ಡ್ ಆರ್ಥರೈಟಿಸ್ ಬೇರೆ. ನಾವು ಎರಡನ್ನೂ 'ವಾತ' ಅಂತ ಒಂದೇ ಚೀಲಕ್ಕೆ ತುಂಬಿಬಿಡ್ತೀವಿ. ಎರಡನೆಯದರಲ್ಲಿ ಕೀಲು ಸವೆದಿರೋದಿಲ್ಲ. ನಮ್ಮದೇ ರೋಗನಿರೋಧಕ ಸೈನ್ಯ ಕೀಲಿನ ಒಳಪೊರೆಯ ಮೇಲೆ ಯುದ್ಧ ಸಾರಿರುತ್ತೆ. ಮೂವತ್ತರ ಹರೆಯದವರಿಗೂ ಬರಬಹುದು. 1859ರಲ್ಲಿ ಇದಕ್ಕೆ ಈ ಹೆಸರು ಕೊಟ್ಟವರು ಬ್ರಿಟಿಷ್ ವೈದ್ಯ ಆಲ್ಫ್ರೆಡ್ ಗ್ಯಾರಡ್.

ರಕ್ತ ಪರೀಕ್ಷೆಯಿಂದ ಇದನ್ನು ಹಿಡಿಯೋ ದಾರಿ ಸಿಕ್ಕಿದ್ದು 1940ರಲ್ಲಿ, ನಾರ್ವೆಯ ಎರಿಕ್ ವಾಲರ್ ಅವರಿಗೆ. ಅದೇ 'ರುಮಟಾಯ್ಡ್ ಫ್ಯಾಕ್ಟರ್'. ಆದರೆ ಇದು ಅಷ್ಟು ನಂಬಿಕಸ್ಥ ಸಾಕ್ಷಿಯಲ್ಲ. ಹೆಪಟೈಟಿಸ್ ಇದ್ದವರಲ್ಲೂ ಪಾಸಿಟಿವ್ ಬರಬಹುದು, ಏನೂ ತೊಂದರೆಯಿಲ್ಲದ ಮುದುಕರಲ್ಲೂ ಬರಬಹುದು. ನಿಜವಾಗಿ ಕಾಯಿಲೆ ಇರೋ ಕೆಲವರಲ್ಲಿ ಬರೋದೇ ಇಲ್ಲ. ನಮ್ಮ ಅತ್ತೆಯೊಬ್ಬರಿಗೆ ಹೀಗೇ ಆಯಿತು. ರಿಪೋರ್ಟ್ ನೆಗೆಟಿವ್, "ಏನೂ ಇಲ್ಲ, ಕೆಲಸ ಕಮ್ಮಿ ಮಾಡಿ" ಅನ್ನೋ ಸಲಹೆ. ಎರಡು ವರ್ಷದ ನಂತರ ಹೆಸರು ಗೊತ್ತಾಗುವಷ್ಟರಲ್ಲಿ ಬೆರಳುಗಳು ಓರೆಯಾಗಿದ್ದವು. ಅವು ಮತ್ತೆ ನೆಟ್ಟಗಾಗಲಿಲ್ಲ.

ಈಗ ಕಥೆಗೆ ಬರೋಣ. 1964ರಲ್ಲಿ ನೆದರ್ಲೆಂಡ್ಸ್‌ನ ನೀನ್‌ಹೌಸ್ ಮತ್ತು ಮಾಂಡೆಮಾ ಒಂದು ವಿಚಿತ್ರ ಗಮನಿಸಿದರು. ಆರೋಗ್ಯವಂತರ ಕೆನ್ನೆಯ ಒಳಭಾಗದಿಂದ ಕೆರೆದು ತೆಗೆದ ಜೀವಕೋಶಗಳಿಗೆ ಈ ರೋಗಿಗಳ ರಕ್ತದ ಪ್ರತಿಕಾಯಗಳು ಹೋಗಿ ಅಂಟಿಕೊಳ್ಳುತ್ತಿದ್ದವು. ಬೇರೆ ಕಾಯಿಲೆಯವರಲ್ಲಿ ಹೀಗಾಗೋದು ಅಪರೂಪ. ಅಂದರೆ ರುಮಟಾಯ್ಡ್ ಫ್ಯಾಕ್ಟರ್‌ಗಿಂತ ನಂಬಿಕಸ್ಥ ಸಾಕ್ಷಿ ಆಗಲೇ ಕೈಗೆ ಸಿಕ್ಕಿತ್ತು! ಆದರೆ ಎಲ್ಲರ ಕೆನ್ನೆಯ ಕೋಶವೂ ಈ ಪರೀಕ್ಷೆಗೆ ಒಗ್ಗೋದಿಲ್ಲ. ತಕ್ಕ ದಾನಿಯನ್ನು ಹುಡುಕಬೇಕು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಬೇಕು. ಹಾಗಾಗಿ ಅದು ದಿನಬಳಕೆಯ ಪರೀಕ್ಷೆ ಆಗಲೇ ಇಲ್ಲ. 1979ರಲ್ಲಿ ಬ್ರಿಟನ್ನಿನವರು ಇಲಿಯ ಅನ್ನನಾಳದ ಮೇಲೆ ಇಂಥದ್ದೇ ಇನ್ನೊಂದು ಪ್ರತಿಕಾಯ ಕಂಡರು. ಇವೆರಡೂ ಬೇರೆ ಬೇರೆ ಅಂತಲೇ ವರ್ಷಗಟ್ಟಲೆ ಎಲ್ಲರೂ ಅಂದುಕೊಂಡಿದ್ದರು.

1993ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಗೀ ಸೆರ್ ಅವರ ತಂಡ ಇಲಿಯ ಅನ್ನನಾಳದ ಗುಟ್ಟು ಬಿಡಿಸಿತು. ಪ್ರತಿಕಾಯದ ಗುರಿ ಫಿಲಾಗ್ರಿನ್ ಅನ್ನೋ ಪ್ರೋಟೀನು. 1995ರಲ್ಲಿ ಅದೇ ತಂಡ, ಕೆನ್ನೆಯ ಪ್ರತಿಕಾಯವೂ ಇದೇ ಕುಟುಂಬದ್ದು ಅಂತ ತೋರಿಸಿತು. ಕಥೆ ಮುಗೀತು ಅಂದುಕೊಂಡಿರಾ? ಇಲ್ಲೇ ಇರೋದು ತಿರುವು. ಫಿಲಾಗ್ರಿನ್ ಇರೋದು ಚರ್ಮದಲ್ಲಿ, ಕೀಲಿನಲ್ಲಿ ಅದು ಇಲ್ಲವೇ ಇಲ್ಲ! ಹಾಗಾದರೆ ಹೊಡೆತ ಕೀಲಿಗೆ ಯಾಕೆ?

ಉತ್ತರದ ಅರ್ಧ ಸಿಕ್ಕಿದ್ದು 1998ರಲ್ಲಿ, ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿ. ಶೆಲೆಕೆನ್ಸ್, ವಾನ್ ವೆನ್ರೋಯ್ ಮತ್ತವರ ಸಂಗಡಿಗರು ಫಿಲಾಗ್ರಿನ್ನಿನ ಚಿಕ್ಕ ಚಿಕ್ಕ ತುಣುಕುಗಳನ್ನು ತಯಾರಿಸಿ ಪರೀಕ್ಷಿಸಿದರು. ಪ್ರತಿಕಾಯ ಗುರುತಿಸುತ್ತಿದ್ದದ್ದು ಸಿಟ್ರುಲಿನ್ ಇರೋ ತುಣುಕುಗಳನ್ನು. ಕಲ್ಲಂಗಡಿ ಬಂದಿದ್ದು ಇಲ್ಲಿ! 1930ರಲ್ಲಿ ಜಪಾನಿನ ವಾಡಾ ಈ ಅಮೈನೋ ಆಮ್ಲವನ್ನು ಕಲ್ಲಂಗಡಿ ರಸದಿಂದ ಬೇರ್ಪಡಿಸಿ, ಹಣ್ಣಿನ ಲ್ಯಾಟಿನ್ ಹೆಸರು 'ಸಿಟ್ರುಲಸ್' ಅನ್ನೇ ಅದಕ್ಕೆ ಇಟ್ಟಿದ್ದರು. (ಪಾಪ, ಹಣ್ಣಿನ ತಪ್ಪೇನಿಲ್ಲ, ಧಾರಾಳವಾಗಿ ತಿನ್ನಿ :) )

ಸ್ವಾರಸ್ಯ ಏನಂದರೆ, ನಮ್ಮ ಡಿಎನ್ಎಯ ಲಿಪಿಯಲ್ಲಿ ಸಿಟ್ರುಲಿನ್‌ಗೆ ಅಕ್ಷರವೇ ಇಲ್ಲ. ಪ್ರೋಟೀನು ತಯಾರಾದ ಮೇಲೆ 'ಪ್ಯಾಡ್' ಅನ್ನೋ ಕಿಣ್ವ ಅದರೊಳಗಿನ ಆರ್ಜಿನಿನ್ ಅನ್ನು ತಿದ್ದಿ ಸಿಟ್ರುಲಿನ್ ಮಾಡತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸೋರ್ಸ್ ಕೋಡ್ ಸರಿಯಾಗೇ ಇದೆ, ಪ್ರೋಗ್ರಾಂ ಓಡುತ್ತಿರುವಾಗ ಮೆಮೊರಿಯಲ್ಲಿ ಯಾರೋ ಒಂದು ಅಕ್ಷರ ಬದಲಿಸಿದ್ದಾರೆ. ತೂಕದಲ್ಲಿ ವ್ಯತ್ಯಾಸ ಬರೀ 1 ಡಾಲ್ಟನ್ನಿನಷ್ಟು, ಅಂದರೆ ಹೆಚ್ಚುಕಮ್ಮಿ ಒಂದು ಹೈಡ್ರೋಜನ್ ಪರಮಾಣುವಿನಷ್ಟು. ಆದರೆ ಆರ್ಜಿನಿನ್‌ಗಿದ್ದ ಧನ ವಿದ್ಯುದಂಶ ಹೋಗಿಬಿಡತ್ತೆ. ಪ್ರೋಟೀನಿನ ಮಡಿಕೆ ಸಡಿಲವಾಗಬಹುದು, ಗುರುತು ಬದಲಾಗಬಹುದು.

ಉಳಿದರ್ಧ ಉತ್ತರವನ್ನು 2001ರಲ್ಲಿ ತುಲೂಸ್‌ನವರೇ ಕೊಟ್ಟರು. ರೋಗಿಗಳ ಕೀಲುಪೊರೆಯಲ್ಲಿ ಹುಡುಕಿದಾಗ ಸಿಕ್ಕಿದ್ದು, ಹೀಗೆ ತಿದ್ದಲ್ಪಟ್ಟ ಫೈಬ್ರಿನ್. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಅದೇ ಫೈಬ್ರಿನ್. ಆಮೇಲೆ ವೈಮೆಂಟಿನ್, ಈನೊಲೇಸ್ ಹೀಗೆ ಪಟ್ಟಿ ಬೆಳೆಯಿತು. ಚರ್ಮದ ಪ್ರೋಟೀನು ಬರೀ ಹೋಲಿಕೆಯ ಆಸಾಮಿ, ನಿಜವಾದ ಗುರಿ ಕೀಲಿನಲ್ಲೇ ಇತ್ತು. ಇನ್ನೊಂದು ವಿಷಯ: ಬೇರೆ ಕಾರಣಕ್ಕೆ ಊದಿದ ಕೀಲಿನಲ್ಲೂ ಈ ತಿದ್ದುಪಡಿ ನಡೆಯುತ್ತೆ. ಅದನ್ನು ಶತ್ರು ಅಂತ ಬಗೆದು ಪ್ರತಿಕಾಯ ತಯಾರಿಸೋದು ಮಾತ್ರ ಬಹುಮಟ್ಟಿಗೆ ಈ ಕಾಯಿಲೆಯದ್ದೇ ಲಕ್ಷಣ.

ಇದರಿಂದ ಹುಟ್ಟಿದ್ದೇ ಆಂಟಿ-ಸಿಸಿಪಿ ಪರೀಕ್ಷೆ. 2004ರಲ್ಲಿ ಡಚ್ಚರು ರಕ್ತದಾನಿಗಳ ಹಳೇ ಸ್ಯಾಂಪಲ್ಲುಗಳನ್ನು ತೆಗೆದು ನೋಡಿದರು. ಮುಂದೆ ಕಾಯಿಲೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಈ ಪ್ರತಿಕಾಯವೋ, ರುಮಟಾಯ್ಡ್ ಫ್ಯಾಕ್ಟರೋ, ಎರಡೂವೋ ನೋವು ಶುರುವಾಗುವ ಎಷ್ಟೋ ವರ್ಷ ಮೊದಲೇ ಇತ್ತು! 2006ರಲ್ಲಿ ಸ್ವೀಡನ್ನಿನ ಕ್ಲಾರೆಸ್ಕೋಗ್ ತಂಡ ಸಿಗರೇಟಿನ ಕೈವಾಡವನ್ನೂ ತೋರಿಸಿತು. 2010ರಲ್ಲಿ ಈ ಪರೀಕ್ಷೆ ಅಂತರರಾಷ್ಟ್ರೀಯ ಮಾನದಂಡದೊಳಗೆ ಸೇರಿತು. ಕೆನ್ನೆಯ ಕೋಶದಿಂದ ಲೆಕ್ಕ ಹಾಕಿದರೆ 46 ವರ್ಷ.

ಈ ಪರೀಕ್ಷೆಯೂ ಎಲ್ಲ ರೋಗಿಗಳನ್ನೂ ಹಿಡಿಯೋದಿಲ್ಲ. ಹಾಗಾಗಿ ಒಂದು ನೆಗೆಟಿವ್ ರಿಪೋರ್ಟ್ ಕೊನೆಯ ಮಾತಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಬೆಳಗ್ಗೆ ಎದ್ದು ಅರ್ಧ ಗಂಟೆ, ಒಂದು ಗಂಟೆ ಮುಷ್ಟಿ ಕಟ್ಟಲಾರದೆ ಒದ್ದಾಡುತ್ತಿದ್ದರೆ, ಎರಡೂ ಕೈಯ ಗೆಣ್ಣು ಊದಿದ್ದರೆ, "ವಾತ ಬಿಡು" ಅನ್ನಬೇಡಿ. ರುಮಟಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಬೇಗ ಶುರು ಮಾಡಿದರೆ ಕೀಲು ಉಳಿಸಿಕೊಳ್ಳಲು ಈಗ ಒಳ್ಳೇ ಔಷಧಿಗಳಿವೆ. ಓರೆಯಾದ ಬೆರಳನ್ನು ನೆಟ್ಟಗೆ ಮಾಡೋ ಮಾತ್ರೆ ಮಾತ್ರ ಇನ್ನೂ ಬಂದಿಲ್ಲ.