ಮುಗಿಯಿತು ಎಂದ ಮೇಲೆ



ಹಬ್ಬದ ಮಾರನೆಯ ದಿನ ನಮ್ಮ ಧರ್ಮಕೇಂದ್ರದ ಯುವಕರು ಕಾಲೇಜೊಂದರ ತಂಡದ ಜೊತೆ ಬ್ಯಾಸ್ಕೆಟ್‌ಬಾಲ್ ಆಡಿದರು. ಅರ್ಧ ಆಟ ಮುಗಿದಾಗ ಕಾಲೇಜಿನವರದು 31, ನಮ್ಮವರದು 12. ನೀರು ಕುಡಿಯಲು ಬಂದ ಹುಡುಗನೊಬ್ಬ ಬೂಟಿನ ದಾರ ಬಿಚ್ಚುತ್ತ, "ಬಿಡ್ರಿ ಫಾದರ್, ಇನ್ನೇನೈತಿ ಇದ್ರಾಗ, ಮುಗದ್ಹೋತು" ಎಂದ. ನಾನು ಉತ್ತರ ಹುಡುಕುವಷ್ಟರಲ್ಲಿ ಸೀಟಿ ಊದಿದರು. ಅವನು ದಾರ ಕಟ್ಟಿಕೊಂಡು ಓಡಿದ. ಕೊನೆಗೆ ನಮ್ಮವರು ಸೋತರು, ಆದರೆ ಐದೇ ಅಂಕಗಳಿಂದ. ಸಂಜೆ ಅದೇ ಹುಡುಗ ಗುರುನಿವಾಸದ ಕಟ್ಟೆಯ ಮೇಲೆ ಕುಳಿತು, "ಹಿಂಗ ಹಿಂದ ಬಿದ್ದು ಗೆದ್ದವರು ಯಾರರೆ ಅದಾರೇನ್ರಿ ಫಾದರ್?" ಎಂದು ಕೇಳಿದ.

ಇದ್ದಾರೆ. ನಮ್ಮ ರಾಜ್ಯದ ರಣಜಿ ಕ್ರಿಕೆಟ್ ತಂಡದ ಚರಿತ್ರೆಯಲ್ಲೇ ಅಂಥ ಕಥೆಗಳು ಹಲವು. ಅಂದು ಕಟ್ಟೆಯ ಮೇಲೆ ತುಂಡುತುಂಡಾಗಿ ಹೇಳಿದ್ದನ್ನು ಇಲ್ಲಿ ಕೂಡಿಸಿ ಬರೆದಿದ್ದೇನೆ.

ಆಟದ ಒಂದು ನಿಯಮವನ್ನು ಮೊದಲು ಹೇಳಬೇಕು, ಮನೆಯ ಹಿರಿಯರಿಗೂ ತಿಳಿಯಲೆಂದು. ರಣಜಿ ಫೈನಲ್ ಪಂದ್ಯ ಪೂರ್ತಿ ಮುಗಿಯದೆ ಡ್ರಾ ಆದರೆ, ಮೊದಲ ಇನಿಂಗ್ಸ್‌ನಲ್ಲಿ ಯಾರು ಹೆಚ್ಚು ರನ್ ಮಾಡಿದ್ದಾರೋ ಅವರದೇ ಟ್ರೋಫಿ. ಮುನ್ನಡೆ ಪಡೆದವರು ಆಮೇಲೆ ಬಾಗಿಲು ಹಾಕಿಕೊಂಡು ಕುಳಿತರೂ ನಡೆಯುತ್ತದೆ. ಮುಂದಿನ ಕಥೆಗಳೆಲ್ಲ ಈ ನಿಯಮದ ಸುತ್ತ ಸುತ್ತುತ್ತವೆ.

ಗೆಲುವಿನ ಕಥೆಗೆ ಮುಂಚೆ ಒಂದು ಸೋಲಿನ ಕಥೆ. 1982ರಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಫೈನಲ್. ಕರ್ನಾಟಕ ಮೊದಲು ಆಡಿ 705 ರನ್ ಪೇರಿಸಿತು. ಬಿನ್ನಿ, ಕಿರ್ಮಾನಿ, ಬ್ರಿಜೇಶ್ ಪಟೇಲ್ ಮೂವರದೂ ಶತಕ. ಎದುರಾಳಿ ಇಷ್ಟು ದೊಡ್ಡ ಮೊತ್ತ ಮಾಡಿದ ಮೇಲೆ ಯಾವ ತಂಡಕ್ಕಾದರೂ ಆಸೆ ಉಳಿದೀತೆ? ದೆಹಲಿಗೆ ಉಳಿದಿತ್ತು. ಮೊಹಿಂದರ್ ಅಮರನಾಥ್ 185 ಹೊಡೆದರೂ 589 ರನ್ ಆಗುವಷ್ಟರಲ್ಲಿ ಎಂಟು ವಿಕೆಟ್ ಉರುಳಿದ್ದವು. ಮುನ್ನಡೆಗೆ ಇನ್ನೂ 117 ರನ್ ಬೇಕು, ಉಳಿದವರು ಬೌಲರುಗಳು. ಅಲ್ಲಿ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಜೊತೆಯಾದರು. ಶುಕ್ಲಾ 69, ಪೀಟರ್ 67, ಇಬ್ಬರೂ ಔಟಾಗಲೇ ಇಲ್ಲ. ದೆಹಲಿ 8 ವಿಕೆಟ್‌ಗೆ 707. ಎರಡೇ ಎರಡು ರನ್ ಹೆಚ್ಚು. ಟ್ರೋಫಿ ಕೈತಪ್ಪಿತು.

ಅದೇ ವರ್ಷದ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ, ನಮ್ಮ ರಘುರಾಮ್ ಭಟ್ಟರ ಸ್ಪಿನ್ ತಡೆಯಲಾರದೆ ಸುನಿಲ್ ಗಾವಸ್ಕರ್ ಅವರಂಥವರೇ ಎಡಗೈ ಆಟಗಾರನಾಗಿ ನಿಂತು ಬ್ಯಾಟ್ ಮಾಡಿದ್ದರು. ಬೊಂಬಾಯಿಯನ್ನು ಅಷ್ಟು ಕಾಡಿದ ತಂಡವನ್ನು ಫೈನಲ್‌ನಲ್ಲಿ ಎರಡು ಬಾಲಂಗೋಚಿಗಳು ಸೋಲಿಸಿದ್ದು ಈ ಆಟದ ವಿಚಿತ್ರ. ಮರುವರ್ಷ, 1982–83ರಲ್ಲಿ, ಬ್ರಿಜೇಶ್ ಪಟೇಲ್ ನಾಯಕತ್ವದಲ್ಲಿ ಕರ್ನಾಟಕ ಬೊಂಬಾಯಿಗೇ ಹೋಗಿ, ಅದೇ ಮೊದಲ ಇನಿಂಗ್ಸ್ ಮುನ್ನಡೆಯ ನಿಯಮದಿಂದ ಟ್ರೋಫಿ ಗೆದ್ದು ತಂದಿತು.

ಆಮೇಲೆ ದೀರ್ಘ ಬರಗಾಲ. ಹನ್ನೆರಡು ಋತುಗಳು ಖಾಲಿ ಕೈ. 1995–96ರಲ್ಲಿ ಅನಿಲ್ ಕುಂಬ್ಳೆ ನಾಯಕರಾಗಿ ಆ ಬರ ನೀಗಿದಾಗ, ಅದರಲ್ಲಿ ನಮ್ಮ ಸೀಮೆಯ ಒಬ್ಬರ ದೊಡ್ಡ ಪಾಲಿತ್ತು. ಗದುಗಿನ ಸುನಿಲ್ ಜೋಶಿ. ಹುಡುಗನಾಗಿದ್ದಾಗ ನಸುಕಿನಲ್ಲೇ ಎದ್ದು, ಗದಗದಿಂದ ಅರವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಬಂದು, ಅಭ್ಯಾಸ ಮುಗಿಸಿ, ತಿರುಗಿ ಶಾಲೆಗೆ ಹೋಗುತ್ತಿದ್ದವರು. ಗದಗ–ಹುಬ್ಬಳ್ಳಿ ದಾರಿಯಲ್ಲಿ ಬೆಳಗಿನ ಗಾಡಿ ಹತ್ತಿದವರಿಗೆ ಆ ಕಷ್ಟ ಏನೆಂದು ಬಿಡಿಸಿ ಹೇಳಬೇಕಿಲ್ಲ. 1995–96ರ ಒಂದೇ ರಣಜಿ ಋತುವಿನಲ್ಲಿ ಅವರು 529 ರನ್ ಹೊಡೆದರು, 52 ವಿಕೆಟ್ ಕಿತ್ತರು. ಬರಗಾಲ ನೀಗುವುದಕ್ಕೆ ಒಂದು ದೊಡ್ಡ ಮಳೆಯೇ ಬರಬೇಕೆಂದು ಕಾಯುತ್ತೇವೆ. ಹೀಗೆ ದಿನಾ ನಸುಕಿನಲ್ಲಿ ಗಾಡಿ ಹತ್ತುವವರೂ ಬೇಕು.

ಈಗ ನನ್ನ ಮನಸ್ಸಿಗೆ ಅತಿ ಹತ್ತಿರವಾದ ಪಂದ್ಯಕ್ಕೆ ಬರುತ್ತೇನೆ. 1999ರ ಏಪ್ರಿಲ್, ಬೆಂಗಳೂರಿನ ಚಿನ್ನಸ್ವಾಮಿ ಮೈದಾನ, ಎದುರಾಳಿ ಮಧ್ಯಪ್ರದೇಶ. ನಾನಾಗ ಗುರುಮಠದ ವಿದ್ಯಾರ್ಥಿ. ಅಲ್ಲಿ ಟಿ.ವಿ. ನೋಡಲು ಅಪ್ಪಣೆ ವಾರಕ್ಕೊಮ್ಮೆ, ಪತ್ರಿಕೆ ಕೈಗೆ ಬರುವುದು ಮಧ್ಯಾಹ್ನದ ಊಟವಾದ ಮೇಲೆ, ಅದೂ ಹಿರಿಯರೆಲ್ಲ ಓದಿ ಬಿಟ್ಟ ನಂತರ. ಹಾಗಾಗಿ ನನಗೆ ಆ ಫೈನಲ್ ಪ್ರತಿದಿನವೂ ಒಂದು ದಿನ ತಡವಾಗಿ ನಡೆಯಿತು!

ಕರ್ನಾಟಕ ಮೊದಲ ಇನಿಂಗ್ಸ್‌ನಲ್ಲಿ 304. ಮಧ್ಯಪ್ರದೇಶ 379. ಅಂದರೆ 75 ರನ್ ಮುನ್ನಡೆ ಅವರದು. ಹಿಂದೆ ಹೇಳಿದ ನಿಯಮ ನೆನಪಿಸಿಕೊಳ್ಳಿ. ಇನ್ನು ಮಧ್ಯಪ್ರದೇಶ ಗೆಲ್ಲಬೇಕೆಂದೇ ಇಲ್ಲ, ಸೋಲದಿದ್ದರೆ ಸಾಕು. ರಣಜಿ ಟ್ರೋಫಿಯನ್ನು ಮಧ್ಯಪ್ರದೇಶ ಎಂಬ ಹೆಸರಿನಲ್ಲಿ ಅವರು ಒಮ್ಮೆಯೂ ಗೆದ್ದಿರಲಿಲ್ಲ. ನಾಯಕ ಚಂದ್ರಕಾಂತ್ ಪಂಡಿತ್, ಭಾರತಕ್ಕೆ ಆಡಿದ ಅನುಭವಿ ವಿಕೆಟ್ ಕೀಪರ್. ಕರ್ನಾಟಕ ಎರಡನೆಯ ಸಲ 321 ಮಾಡಿ 247ರ ಗುರಿ ಕೊಟ್ಟಿತು. ಉಳಿದದ್ದು ಕೊನೆಯ ದಿನದ ಆಟ ಮಾತ್ರ. ನಿಂತು ಹೊತ್ತು ಕಳೆದರೂ ಟ್ರೋಫಿ ಅವರದೇ.

ಕೆಡವಿದವರು ವಿಜಯ್ ಭಾರದ್ವಾಜ್. ಕನ್ನಡಕ ಹಾಕಿಕೊಂಡು ಆಡುತ್ತಿದ್ದ, ನೋಡಿದರೆ ಕಾಲೇಜಿನ ಉಪನ್ಯಾಸಕರಂತೆ ಕಾಣುತ್ತಿದ್ದ ಆಟಗಾರ. ಅವರು ಮೂಲತಃ ಬ್ಯಾಟ್ಸ್‌ಮನ್. ಆ ಋತುವಿನಲ್ಲಿ 1,463 ರನ್ ಹೊಡೆದಿದ್ದರು. ಆಫ್ ಸ್ಪಿನ್ ಅವರಿಗೆ ಎರಡನೆಯ ಕಸುಬು. ಆ ಎರಡನೆಯ ಕಸುಬಿನಿಂದ 24 ರನ್ ಕೊಟ್ಟು ಆರು ವಿಕೆಟ್ ಕಿತ್ತರು. ಮಧ್ಯಪ್ರದೇಶ 150ಕ್ಕೆ ಆಲೌಟ್. ಕರ್ನಾಟಕಕ್ಕೆ 96 ರನ್‌ಗಳ ಗೆಲುವು. ಮರುದಿನ ಮಧ್ಯಾಹ್ನ ಪತ್ರಿಕೆ ನನ್ನ ಕೈಗೆ ಬಂದಾಗ ಊಟದ ಮನೆಯಲ್ಲೇ ಕೂಗಿಬಿಟ್ಟೆ. ಮೌನದ ಹೊತ್ತಿನಲ್ಲಿ ಕೂಗಿದ್ದಕ್ಕೆ ಒಂದು ವಾರ ಪಾತ್ರೆ ತೊಳೆಯುವ ಪಾಳಿ ಸಿಕ್ಕಿತು. ತೊಳೆದೆ, ಸಂತೋಷದಿಂದಲೇ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ಸುನಿಲ್ ಜೋಶಿ ದಕ್ಷಿಣ ಆಫ್ರಿಕಾದ ವಿರುದ್ಧ ಹತ್ತು ಓವರುಗಳಲ್ಲಿ ಆರೇ ರನ್ ಕೊಟ್ಟು ಐದು ವಿಕೆಟ್ ಪಡೆದರು. ಆ ಸರಣಿಯ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಪಡೆದವರು ಭಾರದ್ವಾಜ್. ಕನ್ನಡಿಗರಿಗೆ ಅದು ಒಳ್ಳೆಯ ವರ್ಷ.

ಆದರೆ ಟ್ರೋಫಿ ಮತ್ತೆ ಮರೆಯಾಯಿತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಮುಂಬೈ ವಿರುದ್ಧ ಫೈನಲ್. ಮೊದಲ ಇನಿಂಗ್ಸ್‌ನಲ್ಲಿ ಮುಂಬೈ 233, ನಮ್ಮವರು 130. ಹಿನ್ನಡೆ 103. ಅಲ್ಲಿಂದ ಬೌಲರುಗಳು ಎದ್ದು ನಿಂತು ಮುಂಬೈಯನ್ನು 51ಕ್ಕೆ ಐದು ವಿಕೆಟ್‌ಗೆ ಇಳಿಸಿದರು. ಆಗ ಎದುರು ಪಾಳಯದ ಧವಳ್ ಕುಲಕರ್ಣಿ, ಅವರೂ ಬೌಲರೇ, 87 ಹೊಡೆದು ಮೊತ್ತವನ್ನು 234ಕ್ಕೆ ಒಯ್ದರು. ಗೆಲ್ಲಲು 338 ಬೇಕು. ಮನೀಶ್ ಪಾಂಡೆ 144 ಹೊಡೆದು ಬಾಗಿಲವರೆಗೆ ತಂದು ನಿಲ್ಲಿಸಿದರು. ಕರ್ನಾಟಕ 331ಕ್ಕೆ ಆಲೌಟ್. ಆರು ರನ್‌ಗಳ ಸೋಲು. 1982ರ ಎರಡು ರನ್, 2010ರ ಆರು ರನ್. ಎರಡನ್ನೂ ಕೂಡಿಸಿದರೆ ಎಂಟು. ನಮ್ಮ ಕಾಲದ ಹುಡುಗರು ಈ ಲೆಕ್ಕವನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ.

ಅಂದು ಸೋತವರಲ್ಲಿ ದಾವಣಗೆರೆಯ ವಿನಯ್ ಕುಮಾರ್ ಒಬ್ಬರು. ಮುಂದೆ ಅವರೇ ನಾಯಕರಾದರು. 2014ರಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಹದಿನೈದು ವರ್ಷಗಳ ನಂತರ ಟ್ರೋಫಿ ತಂದರು. ಅದಕ್ಕಿಂತ ದೊಡ್ಡ ಪರೀಕ್ಷೆ ಮರುವರ್ಷ ಬಂತು. 2015ರ ಫೆಬ್ರವರಿ, ಬೆಂಗಳೂರಿನಲ್ಲಿ ಸೆಮಿಫೈನಲ್, ಮತ್ತೆ ಅದೇ ಮುಂಬೈ. ಕರ್ನಾಟಕ ಮೊದಲ ಇನಿಂಗ್ಸ್‌ನಲ್ಲಿ 202ಕ್ಕೆ ಆಲೌಟ್. ಮುಂಬೈಯಂಥ ತಂಡಕ್ಕೆ ಅದೊಂದು ಮೊತ್ತವೇ? ವಿನಯ್ ಕುಮಾರ್ ಚೆಂಡು ಹಿಡಿದರು. 20 ರನ್‌ಗೆ ಆರು ವಿಕೆಟ್. ಮುಂಬೈ 44ಕ್ಕೆ ಆಲೌಟ್! ಮುಂಬೈಯವರು ಎರಡನೆಯ ಸಲ 332 ಹೊಡೆದು ಚೆನ್ನಾಗಿಯೇ ಹೋರಾಡಿದರೂ ಕರ್ನಾಟಕ 112 ರನ್‌ಗಳಿಂದ ಗೆದ್ದಿತು.

ಮಾರ್ಚ್‌ನಲ್ಲಿ ಮುಂಬೈಯ ವಾಂಖೆಡೆ ಮೈದಾನದಲ್ಲಿ ತಮಿಳುನಾಡಿನ ವಿರುದ್ಧ ಫೈನಲ್. ತಮಿಳುನಾಡು 134ಕ್ಕೆ ಆಲೌಟ್. ಸುಲಭವೆಂದುಕೊಳ್ಳುವಷ್ಟರಲ್ಲಿ ಕರ್ನಾಟಕ 84ಕ್ಕೆ ಐದು ವಿಕೆಟ್ ಕಳೆದುಕೊಂಡಿತು. ಆಗ ಕೆ.ಎಲ್. ರಾಹುಲ್ ಮತ್ತು ಕರುಣ್ ನಾಯರ್ ಜೊತೆಯಾದರು. ಅವರು ಬಿಟ್ಟುಕೊಡುವ ಹೊತ್ತಿಗೆ ಜೊತೆಯಾಟದಲ್ಲಿ 386 ರನ್ ಸೇರಿದ್ದವು. ರಾಹುಲ್ 188, ನಾಯರ್ 328. ರಣಜಿ ಫೈನಲ್‌ನಲ್ಲಿ 1947ರಲ್ಲಿ ಬರೋಡಾದ ಗುಲ್ ಮೊಹಮ್ಮದ್ ಹೊಡೆದಿದ್ದ 319 ರನ್‌ಗಳ ದಾಖಲೆ ಅಂದು ಮುರಿಯಿತು. ನಾಯಕ ವಿನಯ್ ಕುಮಾರ್ ಕೂಡ 105 ಹೊಡೆದು ಔಟಾಗದೆ ಉಳಿದರು. 84ಕ್ಕೆ ಐದು ಎಂದಿದ್ದ ಫಲಕ 762ರಲ್ಲಿ ನಿಂತಿತು. ಒಂದು ಇನಿಂಗ್ಸ್ ಮತ್ತು 217 ರನ್‌ಗಳ ಗೆಲುವು.

ಅಂಕಿಗಳಲ್ಲಿ ನೋಡಿದರೆ ಇದೇ ಎಲ್ಲಕ್ಕಿಂತ ದೊಡ್ಡ ಮರುಜಯ. ಆದರೂ ನನಗೆ 1999ರದೇ ದೊಡ್ಡದು. 2015ರಲ್ಲಿ ಐದು ವಿಕೆಟ್ ಹೋಗಿದ್ದರೂ ಹೊತ್ತು ಬೇಕಾದಷ್ಟಿತ್ತು. 1999ರಲ್ಲಿ ಹೊತ್ತೂ ಎದುರಾಳಿಯ ಕಡೆಗಿತ್ತು.

ಕರುಣ್ ನಾಯರ್ ಅವರ ಮುಂದಿನ ಕಥೆ ಹುಡುಗರಿಗೆ ಬಾಯಿಪಾಠ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303, ತಮ್ಮ ಮೂರನೆಯ ಟೆಸ್ಟ್‌ನಲ್ಲೇ. ಬಳಿಕ ಭಾರತ ತಂಡದಿಂದ ಹೊರಗೆ, ಕೊನೆಗೆ ಕರ್ನಾಟಕ ತಂಡದಿಂದಲೂ ಹೊರಗೆ. ಕ್ರಿಕೆಟ್ಟನ್ನೇ ಉದ್ದೇಶಿಸಿ, ಇನ್ನೊಂದು ಅವಕಾಶ ಕೊಡು ಎಂದು 2022ರಲ್ಲಿ ಅವರು ಬಹಿರಂಗವಾಗಿ ಕೇಳಿಕೊಂಡರು. ವಿದರ್ಭಕ್ಕೆ ಹೋಗಿ, 2025ರ ರಣಜಿ ಫೈನಲ್‌ನಲ್ಲಿ ಶತಕ ಹೊಡೆದು, ಟ್ರೋಫಿ ಗೆದ್ದು, ಅದೇ ವರ್ಷ ಮತ್ತೆ ಭಾರತಕ್ಕೆ ಟೆಸ್ಟ್ ಆಡಿದರು.

ನಮ್ಮ ಉಣಕಲ್ ಕೆರೆಯಿಂದ ಹೆಚ್ಚು ದೂರವಿಲ್ಲದ ರಾಜನಗರದ ಮೈದಾನದಲ್ಲಿ 2024ರ ಜನವರಿಯಲ್ಲಿ ಕರ್ನಾಟಕ ಪಂಜಾಬನ್ನು ಏಳು ವಿಕೆಟ್‌ಗಳಿಂದ ಸೋಲಿಸಿತು. ನಮ್ಮ ಹುಡುಗರು ಅದನ್ನು ಮನೆಯ ಗೆಲುವೆಂದೇ ಹೇಳಿಕೊಳ್ಳುತ್ತಾರೆ. ಮುಂದಿನ ಪಂದ್ಯ ಅಹಮದಾಬಾದಿನಲ್ಲಿ, ಗುಜರಾತ್ ವಿರುದ್ಧ. ಗೆಲ್ಲಲು ಬೇಕಾದದ್ದು 110 ಮಾತ್ರ. ವಿಕೆಟ್ ನಷ್ಟವಿಲ್ಲದೆ 50 ಆಗಿತ್ತು. 103ಕ್ಕೆ ಆಲೌಟ್. ಮತ್ತೆ ಆರೇ ರನ್. ಈ ಸಲ ಮುಗಿಯಿತೆಂದ ಮೇಲೆ ಎದ್ದವರು ಗುಜರಾತಿನವರು.

ಇಷ್ಟೆಲ್ಲ ಕೇಳಿದ ಮೇಲೆ ಕಟ್ಟೆಯ ಮೇಲಿನ ಹುಡುಗ ಒಂದು ಪ್ರಶ್ನೆ ಕೇಳಿದ: "ಅಲ್ರಿ ಫಾದರ್, 1999ರಾಗ ಸೋತ್ರಲ್ಲ, ಆ ಪಂಡಿತ್ ಅವರು, ಮುಂದ ಏನಾದ್ರು?" ಇಪ್ಪತ್ತು ವರ್ಷ ನಾನೂ ಕೇಳಿಕೊಳ್ಳದ ಪ್ರಶ್ನೆ ಅದು. ನಮ್ಮ ಗೆಲುವಿನ ಸಂಭ್ರಮದಲ್ಲಿ ಪಾತ್ರೆ ತೊಳೆದವನಿಗೆ, ಅಂದು ಎದುರು ಕೋಣೆಯಲ್ಲಿ ಕುಳಿತವರ ನೆನಪೇ ಬಂದಿರಲಿಲ್ಲ.

ಚಂದ್ರಕಾಂತ್ ಪಂಡಿತ್ ಆಟ ಬಿಟ್ಟ ಮೇಲೆ ತರಬೇತುದಾರರಾದರು. ಮುಂಬೈಗೆ, ವಿದರ್ಭಕ್ಕೆ ರಣಜಿ ಗೆಲ್ಲಿಸಿಕೊಟ್ಟರು. ನಂತರ ಮಧ್ಯಪ್ರದೇಶಕ್ಕೆ ಬಂದರು. 2022ರ ಜೂನ್‌ನಲ್ಲಿ ಅವರ ಹುಡುಗರು ಫೈನಲ್ ತಲುಪಿದರು. ಮೈದಾನ ಅದೇ, ಬೆಂಗಳೂರಿನ ಚಿನ್ನಸ್ವಾಮಿ. ಎದುರಾಳಿ ಮುಂಬೈ, ಪಂಡಿತರ ಹುಟ್ಟೂರಿನ ತಂಡ. ಮುಂಬೈ 374 ಮಾಡಿತು. ಯಶ್ ದುಬೆ, ಶುಭಂ ಶರ್ಮಾ, ರಜತ್ ಪಾಟೀದಾರ್ ಮೂವರೂ ಶತಕ ಹೊಡೆದರು, ಮಧ್ಯಪ್ರದೇಶ 536. ಈ ಸಲವೂ ಮುನ್ನಡೆ ಅವರದೇ, ಈ ಸಲವೂ ಒಂದು ಇನಿಂಗ್ಸ್ ಬಾಕಿ. ಆದರೆ ಈ ಸಲ ಕೈಬಿಡಲಿಲ್ಲ. ಆರು ವಿಕೆಟ್‌ಗಳಿಂದ ಗೆದ್ದರು. ಇಪ್ಪತ್ಮೂರು ವರ್ಷಗಳ ಹಿಂದೆ ನಾಯಕನಾಗಿ ಟ್ರೋಫಿ ಬಿಟ್ಟುಹೋಗಿದ್ದ ಅಂಗಳದಲ್ಲಿ ಪಂಡಿತರು ಅತ್ತುಬಿಟ್ಟರು. ಹುಡುಗರು ಅವರನ್ನು ಹೆಗಲ ಮೇಲೆ ಎತ್ತಿಕೊಂಡರು.